ಫ್ರಾಂಚೈಸಿ ತಗೊಂಡೀರಾ? ತರಬೇತಿಗೆ ನೀವಽ ಬರ್ರಿ

ಹುಬ್ಬಳ್ಳಿಯ ಗೋಕುಲ ರೋಡಿನ ಚಹಾ-ತಿಂಡಿ ಅಂಗಡಿಯೊಂದರಲ್ಲಿ ನನ್ನ ಕೆಲಸ. ಅಂಗಡಿ ನಡೆಸುವುದರ ಜೊತೆಗೆ, ನಮ್ಮ ಬ್ರ್ಯಾಂಡಿನ ಫ್ರಾಂಚೈಸಿ (ಅದೇ ಹೆಸರು, ಅದೇ ಪದ್ಧತಿಯಲ್ಲಿ ತಮ್ಮ ಊರಲ್ಲಿ ಅಂಗಡಿ ನಡೆಸುವ ಹಕ್ಕು) ಹೊಸದಾಗಿ ತಗೊಂಡವರಿಗೆ ಇಲ್ಲೇ ತರಬೇತಿ ಕೊಡುತ್ತೇನೆ. ಹಾವೇರಿ, ರಾಣೆಬೆನ್ನೂರು, ಗದಗ, ಲಕ್ಷ್ಮೇಶ್ವರ, ನರಗುಂದ, ಎಲ್ಲ ಕಡೆಯಿಂದ ಬರುತ್ತಾರೆ. ಮೊದಲ ಸಲ ಫೋನ್ ಮಾಡಿದಾಗ ಅವರು ಕೇಳುವ ಮಾತು ಹೆಚ್ಚುಕಡಿಮೆ ಒಂದೇ: “ಮೇಡಂ, ಟ್ರೇನಿಂಗಿಗೆ ನಾನಽ ಬರಬೇಕೇನ್ರಿ? ನಮ್ಮ ಅಳಿಯನ್ನ ಕಳಿಸಿದ್ರ ಆಗೂದಿಲ್ಲೇನು?”

ಅಳಿಯನೂ ಬರಲಿ, ನೀವೂ ಬರ್ರಿ ಅನ್ನುತ್ತೇನೆ. ಚಹಾ ಕಾಸುವುದು, ಪಫ್ ಬಿಸಿ ಮಾಡುವುದು, ಬಿಲ್ ಹೊಡೆಯುವುದು, ಇವನ್ನೆಲ್ಲ ಹುಡುಗರು ನಾಲ್ಕೈದು ದಿನದಲ್ಲಿ ಕಲಿತುಬಿಡುತ್ತಾರೆ. ರಾತ್ರಿ ಶಟರ್ ಎಳೆಯುವ ಮುಂಚೆ ಮಾಡುವ ಲೆಕ್ಕ ಇದೆಯಲ್ಲ, ಅದು ಮಾತ್ರ ರೊಕ್ಕ ಹಾಕಿದವರ ಕೈಗೇ ಬರಬೇಕು. ತರಬೇತಿಯಲ್ಲಿ ಮಾಲೀಕರು ಕಲಿಯಬೇಕಾದ ದೊಡ್ಡ ವಿದ್ಯೆ ಅದೇ ಅಂತ ನನ್ನ ಅಭಿಪ್ರಾಯ. ನಮ್ಮ ಹೆಡ್ ಆಫೀಸಿನವರು ಇದನ್ನು ಪೂರ್ತಿ ಒಪ್ಪುವುದಿಲ್ಲ, ಅವರಿಗೆ ರುಚಿಯೇ ಮುಖ್ಯ. ಇರಲಿ.

ಸಹಿ ಹಾಕುವ ಮುಂಚೆ

ಫ್ರಾಂಚೈಸಿ ಮಾರಲು ಬರುವವರು “ಟ್ರೇನಿಂಗ್ ಎಲ್ಲಾ ನಮ್ಮದೇ ಸರ್, ನೀವು ಆರಾಮ ಇರ್ರಿ” ಅನ್ನುತ್ತಾರೆ. ಆ “ಎಲ್ಲಾ” ಅಂದರೆ ಎಷ್ಟು ಅನ್ನುವುದನ್ನು ಕಾಗದದ ಮೇಲೆ ತರಿಸಿಕೊಳ್ಳಿ. ಅಮೆರಿಕದಲ್ಲಿ ಇದಕ್ಕೆ ಕಾನೂನೇ ಇದೆ. ಸಹಿಗೆ ಕನಿಷ್ಠ 14 ದಿನ ಮುಂಚೆ ಕಂಪನಿ ಒಂದು ಮಾಹಿತಿ ದಾಖಲೆ ಕೊಡಬೇಕು. ಅದರಲ್ಲಿ 23 ಬಾಬುಗಳು. 11ನೆಯ ಬಾಬಿನಲ್ಲಿ ತರಬೇತಿಯ ಕೋಷ್ಟಕ ಇರುತ್ತದೆ: ಯಾವ ವಿಷಯ, ಕ್ಲಾಸಿನಲ್ಲಿ ಎಷ್ಟು ತಾಸು, ಅಂಗಡಿಯಲ್ಲಿ ಕೈಕೆಲಸ ಎಷ್ಟು ತಾಸು, ಎಲ್ಲಿ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಬೇರೆ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆ, ಇಂಥವುಗಳ ಆಧಾರದ ಮೇಲೇ ವ್ಯವಹಾರ ನಡೆಯುತ್ತದೆ. ಹಾಗಾಗಿ ಒಪ್ಪಂದದಲ್ಲಿ ಬರೆಯದ ತರಬೇತಿಯನ್ನು ಆಮೇಲೆ ಹಕ್ಕಿನಿಂದ ಕೇಳುವುದು ಕಷ್ಟ. ಅದೇ ನಾಲ್ಕು ಕಾಲಂನ ಕೋಷ್ಟಕವನ್ನು ನೀವೂ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲೇ ಗೊತ್ತಾಗುತ್ತದೆ.

ಜೊತೆಗೆ ಇವನ್ನೂ ಕೇಳಿ. ಎಷ್ಟು ಜನರಿಗೆ ತರಬೇತಿ ಫೀಯಲ್ಲೇ ಬರುತ್ತದೆ, ಮೇಲಿನವರಿಗೆ ತಲೆಗೆ ಎಷ್ಟು? ಊಟ, ವಸತಿ, ಬಸ್ ಖರ್ಚು ಯಾರದು? ಆರು ತಿಂಗಳಿಗೆ ನಿಮ್ಮ ಚಹಾ ಮಾಡುವ ಮಾಸ್ಟರ್ ಬಿಟ್ಟುಹೋದರೆ ಹೊಸಬನಿಗೆ ಮತ್ತೆ ಕಲಿಸುತ್ತಾರೋ, ಅದಕ್ಕೆ ಬೇರೆ ರೊಕ್ಕವೋ? ಅಂಗಡಿ ಶುರುವಾದ ಮೇಲೆ ಅವರ ಕಡೆಯವರು ಎಷ್ಟು ದಿನ ನಿಮ್ಮ ಜೊತೆ ನಿಲ್ಲುತ್ತಾರೆ? ಕೈಪಿಡಿ ಕನ್ನಡದಲ್ಲಿ ಇದೆಯೋ, ಬರೀ ಇಂಗ್ಲಿಷೋ? ಕೊನೆಯ ಪ್ರಶ್ನೆಯನ್ನು ಜನ ಸಣ್ಣದು ಅಂದುಕೊಳ್ಳುತ್ತಾರೆ. ನಿಮಗೆ ಇಂಗ್ಲಿಷ್ ಬರಬಹುದು, ಬೆಳಗಿನ ಐದೂವರೆಗೆ ಒಲೆ ಹೊತ್ತಿಸುವ ಹುಡುಗ ಅದನ್ನು ಓದಬೇಕಲ್ಲ.

ರೊಕ್ಕದ ಒಂದು ಮಾತು. ಫ್ರಾಂಚೈಸಿ ಫೀ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ಫೀ 5 ಲಕ್ಷ ಇದ್ದರೆ ₹90,000 ಬೇರೆ. “ಆಮೇಲೆ ವಾಪಸ್ ಸಿಗ್ತದ” ಅಂತ ಯಾರಾದರೂ ಹೇಳಿದರೆ ನಿಮ್ಮ ಸಿಎ ಅವರನ್ನು ಕೇಳಿ. ಗಿರಾಕಿಗೆ 5% ತೆರಿಗೆ ಹಾಕುವ ಹೋಟೆಲ್ ವರ್ಗದಲ್ಲಿ ನೀವಿದ್ದರೆ, ಕೊಟ್ಟ ತೆರಿಗೆ ವಾಪಸ್ ಪಡೆಯುವ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಆ ₹90,000 ಖರ್ಚಿನ ಲೆಕ್ಕಕ್ಕೇ ಹೋಗುತ್ತದೆ. ಬ್ರ್ಯಾಂಡ್ ಬಳಸಿದ್ದಕ್ಕೆ ತಿಂಗಳಿಗೊಮ್ಮೆ ಕಂಪನಿಗೆ ಕೊಡುವ ರಾಯಲ್ಟಿ ಮೇಲಿನ ಜಿಎಸ್‌ಟಿಯದೂ ಅದೇ ಕತೆ.

ಇನ್ನೊಂದು, ಆ ಬ್ರ್ಯಾಂಡಿನ ಹಳೆಯ ಅಂಗಡಿ ಒಂದೆರಡಕ್ಕೆ ಗಿರಾಕಿಯಾಗಿ ಹೋಗಿ. ಕಂಪನಿಯವರು ತೋರಿಸುವ ಅಂಗಡಿ ಬೇಡ, ನೀವೇ ಹುಡುಕಿದ್ದು ಇರಲಿ. ಮಧ್ಯಾಹ್ನ ಮೂರರ ಸುಮಾರಿಗೆ ಗಿರಾಕಿ ಕಡಿಮೆ ಇರುತ್ತಾರೆ, ಮಾಲೀಕರು ಮಾತಿಗೆ ಸಿಗುತ್ತಾರೆ. “ಲಾಭ ಎಷ್ಟ್ರೀ?” ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. “ಫ್ರೀಜರ್ ಕೆಟ್ಟಾಗ ಫೋನ್ ಯಾರು ಎತ್ತಿದ್ರು, ಎಷ್ಟ ದಿನಕ್ಕ ಬಂದ್ರು?” ಅಂತ ಕೇಳಿ ನೋಡಿ, ಎದ್ದು ಕುಳಿತು ಹೇಳುತ್ತಾರೆ.

ತರಬೇತಿಗೆ ಬರುವ ಮುಂಚೆ

ನಿಮ್ಮ ಅಂಗಡಿಯ ಜಾಗದ ಎದುರಿಗೆ ಒಂದು ವಾರದ ದಿನ, ಒಂದು ಭಾನುವಾರ ಕುಳಿತು ಎಣಿಸಿಕೊಂಡು ಬನ್ನಿ. ತಾಸಿಗೆ ಎಷ್ಟು ಜನ ನಡೆದು ಹೋದರು, ಎಷ್ಟು ಗಾಡಿ ನಿಂತವು, ಪಕ್ಕದ ಚಹಾದಂಗಡಿಯಲ್ಲಿ ಎಷ್ಟು ಮಂದಿ ನಿಂತಿದ್ದರು. ಈ ಕಾಗದ ಕೈಯಲ್ಲಿ ಇದ್ದವರು ತರಬೇತಿಯಲ್ಲಿ ಕೇಳುವ ಪ್ರಶ್ನೆಗಳೇ ಬೇರೆ ಥರ ಇರುತ್ತವೆ. “ನಮ್ಮಲ್ಲಿ ಮುಂಜಾನೆ ಏಳರಿಂದ ಒಂಬತ್ತರ ತನಕ ರಶ್, ಆಮೇಲೆ ಖಾಲಿ, ಹಂಗಿದ್ರ ಮಧ್ಯಾಹ್ನದ ಶಿಫ್ಟಿಗೆ ಎಷ್ಟ ಹುಡುಗರು ಸಾಕು?” ಅಂತ ಕೇಳುತ್ತಾರೆ. ಅಂಥವರಿಗೆ ಕಲಿಸಲು ನನಗೂ ಖುಷಿ.

ಇಬ್ಬರು ಬನ್ನಿ: ಮಾಲೀಕರು, ಮತ್ತು ದಿನವಿಡೀ ಅಂಗಡಿಯಲ್ಲಿ ನಿಲ್ಲುವವರು. ಗಂಡ-ಹೆಂಡತಿ ಇಬ್ಬರೂ ಅಂಗಡಿ ನೋಡಿಕೊಳ್ಳುವುದಾದರೆ ಇಬ್ಬರೂ ಬರಬೇಕು. ಒಬ್ಬರು ಕಲಿತು ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳಿಕೊಡುವಾಗ ಅರ್ಧ ವಿದ್ಯೆ ಜಗಳದಲ್ಲೇ ಹೋಗುತ್ತದೆ. ಮುಂದೆ ಮುಚ್ಚಿದ ಬೂಟು ತನ್ನಿ, ಚಪ್ಪಲಿ ನಡೆಯುವುದಿಲ್ಲ. ಉಗುರು ಕತ್ತರಿಸಿರಬೇಕು, ಉಂಗುರ ಮನೆಯಲ್ಲಿ ಇಟ್ಟು ಬರಬೇಕು. ಫೋನ್ ನಮ್ಮಲ್ಲಿ ಲಾಕರಿಗೆ ಹೋಗುತ್ತದೆ, ಅದಕ್ಕೆ ಮೊದಲ ದಿನ ಎಲ್ಲರೂ ಮುಖ ಸಣ್ಣ ಮಾಡುತ್ತಾರೆ.

ಜಮಾ-ಖರ್ಚು ಬರೆಯುವುದೇ ಗೊತ್ತಿಲ್ಲ ಅನ್ನುವವರು ಮೊದಲು ಅದನ್ನು ಕಲಿತು ಬಂದರೆ ಒಳ್ಳೆಯದು. ನಮ್ಮ ಧಾರವಾಡದಲ್ಲೇ ರುಡ್‌ಸೆಟ್ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆ ಅದು. ಸ್ವಉದ್ಯೋಗದ ತರಬೇತಿಯನ್ನು ಊಟ-ವಸತಿ ಸಹಿತ ಉಚಿತವಾಗಿ ಕೊಡುತ್ತಾರೆ. ಸಿಡಾಕ್‌ನ (ಕರ್ನಾಟಕ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ) ಕೇಂದ್ರ ಕಚೇರಿಯೂ ಧಾರವಾಡದಲ್ಲೇ ಇದೆ, ಅವರ ಉದ್ಯಮಶೀಲತೆ ತರಬೇತಿಗಳನ್ನು ವಿಚಾರಿಸಿ. ಅಲ್ಲಿ ಕಲಿಸುವುದು ವ್ಯಾಪಾರದ ತಳಪಾಯ. ಒಂದು ಬ್ರ್ಯಾಂಡಿನ ಪದ್ಧತಿಯನ್ನು ನಮ್ಮಂಥವರು ಕಲಿಸುತ್ತೇವೆ. ಎರಡೂ ಬೇಕು.

ಶುರು ಸಿಂಕಿನಿಂದ

ಬ್ಯಾಡಗಿಯಿಂದ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಬಂದಿದ್ದರು. ಬಿಳಿ ಧೋತರ, ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್. ಮೊದಲ ದಿನ ಅವರನ್ನು ಪಾತ್ರೆ ತೊಳೆಯುವ ಸಿಂಕಿನ ಹತ್ತಿರ ನಿಲ್ಲಿಸಿದೆ. “ನಾ ಇದನ್ನ ಕಲಿಲಿಕ್ಕೆ ಬಂದೀನೇನವಾ?” ಅಂದರು, ಸಿಟ್ಟಿನಿಂದಲೇ. “ಕಾಕಾರ, ತೊಳಿಬ್ಯಾಡ್ರಿ, ಬರೇ ನಿಂತು ನೋಡ್ರಿ. ಪ್ಲೇಟಿನಾಗ ಏನೇನ ಉಳದ ಬರ್ತೈತಿ ಬರಕೋರಿ” ಅಂದೆ. ಒಂದು ತಾಸು ನಿಂತಿರಬೇಕು. “ಅವಲಕ್ಕಿ ಯಾರೂ ಬಿಟ್ಟಿಲ್ಲ. ಚಟ್ನಿ ಮಾತ್ರ ಎಲ್ಲಾ ಪ್ಲೇಟಿನಾಗ ಉಳದೈತಿ. ನಿಮ್ಮ ಹುಡುಗ ಚಟ್ನಿಗೆ ದೊಡ್ಡ ಚಮಚ ಹಿಡದಾನ ನೋಡು” ಅಂದರು. ಹೋಗಿ ನೋಡಿದರೆ ಸರಿಯಾಗಿತ್ತು. ಚಟ್ನಿಯ ಅಳತೆ ಚಮಚ ಎಲ್ಲೋ ಕಳೆದು, ಹುಡುಗ ಪಲ್ಯದ ಚಮಚ ಬಳಸುತ್ತಿದ್ದ.

ಅದಕ್ಕೇ ನಾನು ಸಿಂಕಿನಿಂದ ಶುರು ಮಾಡುವುದು. ಗಿರಾಕಿ ಬಾಯಿಬಿಟ್ಟು ಹೇಳದ್ದನ್ನು ಪ್ಲೇಟು ಹೇಳುತ್ತದೆ. ಸಿಂಕ್ ಆದ ಮೇಲೆ ತರಕಾರಿ ಹೆಚ್ಚುವ ಮೇಜು, ಆಮೇಲೆ ಒಲೆ, ಆಮೇಲೆ ಕೌಂಟರ್, ಕೊನೆಗೆ ಗಲ್ಲಾ. ಕೆಲವು ಕಂಪನಿಗಳು ಹೋಟೆಲಿನ ಎಸಿ ಹಾಲ್‌ನಲ್ಲಿ ಎರಡು ದಿನ ಪರದೆಯ ಮೇಲೆ ಚಿತ್ರ ತೋರಿಸಿ, ಶಾಲು ಹೊದಿಸಿ, ಪ್ರಮಾಣಪತ್ರ ಕೊಟ್ಟು ಕಳಿಸುತ್ತವೆ. ನಡೆಯುವ ಅಂಗಡಿಯಲ್ಲಿ ಕಲಿಸದ ತರಬೇತಿಯನ್ನು ನಾನು ತರಬೇತಿ ಅನ್ನುವುದಿಲ್ಲ. ಮ್ಯಾಕ್‌ಡೊನಾಲ್ಡ್ಸ್‌ನ ಹೆಸರುವಾಸಿ ಹ್ಯಾಂಬರ್ಗರ್ ಯೂನಿವರ್ಸಿಟಿ 1961ರಲ್ಲಿ ಶುರುವಾದದ್ದು ಕೂಡ ಇಲಿನಾಯ್ ರಾಜ್ಯದ ಒಂದು ಮ್ಯಾಕ್‌ಡೊನಾಲ್ಡ್ಸ್ ಅಂಗಡಿಯ ನೆಲಮಾಳಿಗೆಯಲ್ಲೇ. ಮೇಲೆ ಗಿರಾಕಿ, ಕೆಳಗೆ ಪಾಠ.

ನೀವು ಹೋಗುವ ಕಡೆ ಬರೀ ಕ್ಲಾಸು ಇದ್ದರೆ, “ನಡೆಯುವ ಅಂಗಡಿಯಲ್ಲಿ ಒಂದು ಪೂರ್ತಿ ಭಾನುವಾರ, ಬೀಗ ತೆಗೆಯುವುದರಿಂದ ಬೀಗ ಹಾಕುವ ತನಕ ನಿಲ್ಲಿಸಿ” ಅಂತ ಪಟ್ಟು ಹಿಡಿಯಿರಿ.

ಹತ್ತು ಎಂಎಲ್ ಚಹಾದ ಲೆಕ್ಕ

ಇದನ್ನು ಪ್ರತಿ ತಂಡಕ್ಕೂ ಒಲೆಯ ಮುಂದೆ ನಿಲ್ಲಿಸಿ ಮಾಡಿಸುತ್ತೇನೆ. ನಿಮ್ಮ ಬ್ರ್ಯಾಂಡಿನ ಅಳತೆ ಬೇರೆ ಇದ್ದೀತು, ಲೆಕ್ಕದ ದಾರಿ ಇದೇ.

1 ಲೀಟರ್ ಹಾಲಿಗೆ 400 ಎಂಎಲ್ ನೀರು. ಕುದಿದು, ಸೋಸಿ, ಪುಡಿಯಲ್ಲಿ ಉಳಿದದ್ದು ಹೋಗಿ ಕೈಗೆ ಸಿಗುವುದು ಸುಮಾರು 1,250 ಎಂಎಲ್. ಕಪ್ಪಿಗೆ 80 ಎಂಎಲ್ ಅಂದರೆ 15 ಕಪ್ಪು, ಸ್ವಲ್ಪ ಮಿಗುತ್ತದೆ. ದಿನಕ್ಕೆ 20 ಲೀಟರ್ ಹಾಲು ಕಾಸಿದರೆ 25,000 ಎಂಎಲ್ ಚಹಾ, 312 ಕಪ್ಪು. ಇಲ್ಲಿಯ ತನಕ ಎಲ್ಲರೂ ತಲೆ ಅಲ್ಲಾಡಿಸುತ್ತಾರೆ.

ಈಗ ಅಳತೆ ಜಾರ್ ತಂದು, ಮಾಸ್ಟರ್ ಎಂದಿನಂತೆ ಸುರಿದ ಕಪ್ಪನ್ನು ಅದಕ್ಕೆ ಬಗ್ಗಿಸಿ ನೋಡಬೇಕು. 80ರ ಗೆರೆಗೆ ನಿಲ್ಲುವುದು ಅಪರೂಪ. ಕಪ್ಪಿನ ಅಂಚಿಗೆ ಒಂದು ಬೆರಳು ಜಾಗ ಬಿಡಬೇಕಾದ ಕಡೆ ಅರ್ಧ ಬೆರಳು ಬಿಟ್ಟಿರುತ್ತಾನೆ, 90 ಆಗಿರುತ್ತದೆ. ಕೈ ದೊಡ್ಡದು, ಮನಸ್ಸು ಒಳ್ಳೆಯದು, ನಮ್ಮ ಕಡೆಯವರಿಗೆ ಕಪ್ಪು ಕಡಿಮೆ ತುಂಬಿಸಿ ಕೊಡಲು ನಾಚಿಕೆ. 90 ಅಂದರೆ ಅದೇ 25,000 ಎಂಎಲ್‌ನಲ್ಲಿ 277 ಕಪ್ಪು. 35 ಕಪ್ಪು ಗಾಳಿಗೆ ಹೋಯಿತು. ಕೊಳ್ಳುವವರಿದ್ದರೆ, ₹15ರ ಕಪ್ಪಿನಂತೆ ₹525 ಮಾರಾಟ ತಪ್ಪಿತು. ಕೊಳ್ಳುವವರು ಇರಲಿಲ್ಲ ಅಂದರೂ ಎರಡು ಲೀಟರಿಗೂ ಹೆಚ್ಚು ಹಾಲು, ಅದಕ್ಕೆ ತಕ್ಕ ಪುಡಿ, ಸಕ್ಕರೆ, ಗ್ಯಾಸು ಪುಕ್ಕಟೆ ಹೋಯಿತು, ಅದೂ ದಿನಾ.

ಗದಗದ ಒಬ್ಬ ತಾಯಿ ಇದನ್ನು ನೋಡಿ, “ಹಂಗಂತ ಗಿರಾಕಿಗೆ ಕಡಿಮಿ ಕೊಡೂದೇನ್ರಿ?” ಅಂತ ಕೇಳಿದರು. ಕೊಡಬೇಡಿ. 80 ಅಂತ ಹೇಳಿದ್ದರೆ 80 ಕೊಡಿ. ನಿಮ್ಮ ಊರಿನಲ್ಲಿ 90 ಕೊಡಲೇಬೇಕು ಅನ್ನಿಸಿದರೆ ಕಂಪನಿಗೆ ಹೇಳಿ ಕಪ್ಪನ್ನೂ ದರವನ್ನೂ ಬದಲಿಸಿಕೊಳ್ಳಿ. ಗೊತ್ತಿದ್ದು ಕೊಡುವುದು ವ್ಯಾಪಾರ, ಗೊತ್ತಿಲ್ಲದೆ ಸುರಿಯುವುದು ಸೋರಿಕೆ. ಚಹಾಕ್ಕೆ ಮಾಡಿದ್ದನ್ನು ಪಫ್, ಅವಲಕ್ಕಿ, ಬೆಣ್ಣೆ, ಟಿಶ್ಯೂ, ಪಾರ್ಸೆಲ್ ಡಬ್ಬಿ ಎಲ್ಲದಕ್ಕೂ ಒಂದೊಂದು ಸಲ ಮಾಡಿ ಬರೆದುಕೊಂಡು ಹೋಗಿ. ಪಾರ್ಸೆಲ್ ಡಬ್ಬಿ ಮರೆಯುವವರೇ ಹೆಚ್ಚು.

ಶಟರ್ ಎಳೆಯುವ ಮುಂಚೆ

ರಾತ್ರಿ ಲೆಕ್ಕಕ್ಕೆ ನಾನು ಬಳಸುವುದು ಒಂದು ಉದ್ದ ನೋಟ್‌ಬುಕ್ಕು. ಬಿಲ್ಲಿಂಗ್ ಯಂತ್ರದಲ್ಲಿ ಎಲ್ಲ ಬರುತ್ತದೆ, ನಿಜ. ಆದರೂ ಮೊದಲ ಮೂರು ತಿಂಗಳು ಕೈಯಿಂದ ಬರೆಯಿರಿ. ಯಂತ್ರಕ್ಕೆ ಬಿಲ್ ಹೊಡೆದದ್ದು ಮಾತ್ರ ಗೊತ್ತು, ಹೊಡೆಯದ್ದು ಗೊತ್ತಿಲ್ಲ.

ಮೊದಲು ಗಲ್ಲಾ. ಬೆಳಿಗ್ಗೆ ಚಿಲ್ಲರೆಗೆ ಅಂತ ಇಟ್ಟ ರೊಕ್ಕ ತೆಗೆದಿಟ್ಟು ಉಳಿದದ್ದನ್ನು ಎಣಿಸಿ. ಆಮೇಲೆ ಯುಪಿಐ. ಸ್ಪೀಕರ್ ಪೆಟ್ಟಿಗೆ ಕೂಗಿದ್ದನ್ನು ನಂಬಬೇಡಿ, ಬ್ಯಾಂಕಿಗೆ ಜಮಾ ಆದದ್ದನ್ನು ನೋಡಿ. ಕ್ಯೂಆರ್ ಕಾರ್ಡು ನಿಮ್ಮ ಖಾತೆಯದೇ ಹೌದೋ ಅಲ್ಲವೋ ಅಂತ ದಿನಾ ಬೆಳಿಗ್ಗೆ ₹1 ಹಾಕಿ ಪರೀಕ್ಷಿಸಿ. ಕಾರ್ಡಿನ ಮೇಲೆ ಬೇರೆ ಕಾರ್ಡು ಅಂಟಿಸಿಟ್ಟು ಹೋಗುವವರಿದ್ದಾರೆ. ಮೂರನೆಯದು ಸ್ವಿಗ್ಗಿ, ಝೊಮ್ಯಾಟೊ. ಅದರ ರೊಕ್ಕ ಅಂದೇ ಬರುವುದಿಲ್ಲ, ಕಮಿಷನ್ ಕಡಿದು ಬರುತ್ತದೆ. 2022ರ ಜನವರಿ 1ರಿಂದ ಆ ಆರ್ಡರುಗಳ ಮೇಲಿನ ಜಿಎಸ್‌ಟಿಯನ್ನು ಆ್ಯಪ್ ಕಂಪನಿಗಳೇ ಕಟ್ಟುತ್ತವೆ. ಹಾಗಾಗಿ ಅದನ್ನು ಅಂಗಡಿ ಮಾರಾಟದ ಜೊತೆ ಕಲಸದೆ ಬೇರೆ ಕಾಲಂನಲ್ಲಿ ಬರೆದರೆ ತಿಂಗಳ ಕೊನೆಗೆ ಸಿಎ ಅವರ ಬೈಗಳ ತಪ್ಪುತ್ತದೆ.

ನಾಲ್ಕನೆಯದು ಉದ್ರಿ. ಕಂಪನಿಯ ಕೈಪಿಡಿಯಲ್ಲಿ ಈ ಹೆಸರೇ ಇಲ್ಲ, ಏಕೆಂದರೆ ಪದ್ಧತಿಯ ಪ್ರಕಾರ ಉದ್ರಿ ಕೊಡುವಂತಿಲ್ಲ. ಹಾವೇರಿಯ ಸಂತೆ ರೋಡಿನಲ್ಲಿ ಎದುರಿನ ದಲಾಲಿ ಅಂಗಡಿಗೆ ದಿನಾ ಹತ್ತು ಚಹಾ ಹೋಗುತ್ತದೆ, ರೊಕ್ಕ ಶನಿವಾರ ಬರುತ್ತದೆ. ಬೇಡ ಅನ್ನಲಾಗುವುದಿಲ್ಲ. ಕೊಡಿ, ಆದರೆ ಬಿಲ್ ಹೊಡೆದು ಕೊಡಿ. ಬಿಲ್ ಇಲ್ಲದೆ ಹೋದ ಚಹಾ ಕಳ್ಳತನವಾದ ಚಹಾದ ಹಾಗೇ ಲೆಕ್ಕದಲ್ಲಿ ಕಾಣುತ್ತದೆ, ನೀವು ಪಾಪದ ಹುಡುಗನ ಮೇಲೆ ಸಂಶಯ ಪಡುತ್ತೀರಿ.

ಕೊನೆಗೆ ಸಾಮಾನು. ಬೆಳಿಗ್ಗೆ ಇದ್ದದ್ದು, ಬಂದದ್ದು ಕೂಡಿಸಿ, ಮಾರಿದ್ದು, ಕೆಟ್ಟದ್ದು, ಹುಡುಗರು ತಿಂದದ್ದು ಕಳೆಯಿರಿ. ಕಪಾಟಿನಲ್ಲಿ ಉಳಿದದ್ದಕ್ಕೂ ಇದಕ್ಕೂ ತಾಳೆ ಆಗಬೇಕು. ಕೆಟ್ಟದ್ದನ್ನು ಬರೆಯದೆ ಬುಟ್ಟಿಗೆ ಹಾಕುವುದು ಎಲ್ಲ ಅಂಗಡಿಗಳ ಚಟ. “ಏ ತಮ್ಮಾ, ಒಗಿ, ಆದರ ಬರದ ಒಗಿ” ಅಂತ ನಾನು ದಿನಕ್ಕೆ ಎಷ್ಟು ಸಲ ಕೂಗುತ್ತೇನೋ. ಬಿದ್ದ ಪಫ್‌ಗೆ ಹುಡುಗನ ಪಗಾರ ಕಡಿಯಬೇಡಿ. ಒಮ್ಮೆ ಕಡಿದರೆ ಆಮೇಲೆ ಅವನು ಬರೆಯುವುದೇ ಇಲ್ಲ, ಮುಚ್ಚಿಡುತ್ತಾನೆ.

ಬ್ಯಾಡಗಿಯ ಆ ಕಾಕಾ ಈ ಲೆಕ್ಕವನ್ನು ಒಂದೇ ರಾತ್ರಿಯಲ್ಲಿ ಹಿಡಿದರು. ಕೀರ್ದಿ ಬರೆದು ಬೆಳೆದ ಕೈ. ತುಂಬ ಓದಿದ ಹುಡುಗರಿಗೆ ಎರಡು ವಾರ ಬೇಕಾಗುತ್ತದೆ, ಮೊಬೈಲಿನಲ್ಲಿ ಹಾಳೆ ಮಾಡಿ ಬಣ್ಣ ತುಂಬುವುದರಲ್ಲೇ ಹೊತ್ತು ಕಳೆಯುತ್ತಾರೆ.

ಸ್ವಚ್ಛತೆ: ಕಡಿಮೆ ಮಾತು

ಇದನ್ನು ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ, ನಾನು ಉದ್ದ ಮಾಡುವುದಿಲ್ಲ. ತಣ್ಣಗಿಡುವುದು 5 ಡಿಗ್ರಿಯ ಒಳಗೆ, ಬಿಸಿ ಇಡುವುದು 60 ಡಿಗ್ರಿಯ ಮೇಲೆ, ಫ್ರೀಜರ್ ಮೈನಸ್ 18. ಥರ್ಮಾಮೀಟರ್ ಕೊಳ್ಳಿ, ಕೈ ಮುಟ್ಟಿ ನೋಡುವುದನ್ನು ಬಿಡಿ. ಕರಿಯುವ ಎಣ್ಣೆಯಲ್ಲಿ ಟಿಪಿಸಿ ಅನ್ನುವ ಕೆಟ್ಟ ಅಂಶ 25% ದಾಟಿದರೆ ಮತ್ತೆ ಬಳಸುವಂತಿಲ್ಲ, ಅದನ್ನು ಅಳೆಯುವ ಸಲಕರಣೆ ಸಿಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಲೈಸೆನ್ಸಿನ 14 ಅಂಕಿಯ ಸಂಖ್ಯೆ ಗಿರಾಕಿಗೆ ಕಾಣಬೇಕು. ಆಹಾರ ಮುಟ್ಟುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯರ ಪ್ರಮಾಣಪತ್ರ ಬೇಕು. 25 ಕೆಲಸಗಾರರಿಗೆ ಒಬ್ಬರಂತೆ ಫಾಸ್ಟ್ಯಾಕ್ (ಎಫ್‌ಎಸ್‌ಎಸ್‌ಎಐನ ಆಹಾರ ಸುರಕ್ಷತೆ ಪಾಠ) ತರಬೇತಿ ಪಡೆದ ಮೇಲ್ವಿಚಾರಕರು ಇರಬೇಕು. ಸಣ್ಣ ಅಂಗಡಿಗೆ ಅಂಥ ಒಬ್ಬರು ಸಾಕು, ಆ ಒಬ್ಬರು ಮಾಲೀಕರೇ ಆಗಲಿ. ಹುಡುಗನಿಗೆ ಮಾಡಿಸಿದರೆ ಅವನ ಜೊತೆ ಪ್ರಮಾಣಪತ್ರವೂ ಹೋಗುತ್ತದೆ.

“ಹಾಯ್, ವೆಲ್‌ಕಮ್” ಬ್ಯಾಡ, “ಬರ್ರಿ” ಅನ್ರಿ

ಕೌಂಟರಿನಲ್ಲಿ ಏನು ಮಾತಾಡಬೇಕು ಅಂತ ಹೆಡ್ ಆಫೀಸಿನವರು ಬರೆದು ಕಳಿಸುತ್ತಾರೆ. ಅದನ್ನು ಲಕ್ಷ್ಮೇಶ್ವರದಲ್ಲಿ ಹಾಗೇ ಒಪ್ಪಿಸಿದರೆ ಗಿರಾಕಿ ಹಿಂದೆ ತಿರುಗಿ ಯಾರನ್ನು ಕರೆದರು ಅಂತ ನೋಡುತ್ತಾರೆ. ನಾನು ಕಲಿಸುವುದು ಇಷ್ಟು: “ಬರ್ರಿ” ಅನ್ನಿ, ಆರ್ಡರ್ ತಿರುಗಿ ಹೇಳಿ, ರೊಕ್ಕ ತಗೊಂಡದ್ದನ್ನು ಬಾಯಿಬಿಟ್ಟು ಹೇಳಿ. “ಎರಡ ಚಾ, ಒಂದ ಅವಲಕ್ಕಿ, ಐನೂರು ಕೊಟ್ರಿ.” ಕೊನೆಯ ಮಾತು ಮರೆತರೆ “ನಾ ಐನೂರು ಕೊಟ್ಟೀನಿ, ನೀ ನೂರು ಅಂತಿ” ಅನ್ನುವ ಜಗಳ ಗ್ಯಾರಂಟಿ. ವಯಸ್ಸಾದವರಿಗೆ ಕಾಕಾರ, ಅಜ್ಜಾರ, ಅಕ್ಕಾರ. ಕಾಲೇಜು ಹುಡುಗರಿಗೆ ಸರ್, ಮೇಡಂ ಅಂದರೂ ನಡೆಯುತ್ತದೆ, ಅವರಿಗೆ ಅದೇ ಇಷ್ಟ.

ಮಿರ್ಚಿಯ ಪ್ರಶ್ನೆ ಪ್ರತಿ ತಂಡದಲ್ಲೂ ಬರುತ್ತದೆ. “ಗಿರ್ಮಿಟ್-ಮಿರ್ಚಿ ಇಲ್ದ ನಮ್ಮ ಊರಾಗ ಸಂಜಿ ವ್ಯಾಪಾರ ಹೆಂಗ್ರಿ?” ಮಾತು ಸರಿ. ಆದರೆ ಮೆನುವಿನಲ್ಲಿ ಇಲ್ಲದ್ದನ್ನು ಸದ್ದಿಲ್ಲದೆ ಮಾರಿದರೆ ಒಪ್ಪಂದ ಮುರಿದಂತೆ ಆಗುತ್ತದೆ. ಸಹಿಗೆ ಮುಂಚೆಯೇ ಕೇಳಿ, ಒಪ್ಪಿದರೆ ಬರೆಸಿಕೊಳ್ಳಿ. ಒಪ್ಪದಿದ್ದರೆ ಆ ಬ್ರ್ಯಾಂಡು ನಿಮ್ಮ ಊರಿಗೆ ಹೊಂದುತ್ತದೋ ಇಲ್ಲವೋ ಅಂತ ಇನ್ನೊಮ್ಮೆ ವಿಚಾರ ಮಾಡಿ.

ತರಬೇತಿಯಲ್ಲಿ ಸಿಗದ ವಿಷಯ

ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು ಬರೆದ ಕೈಪಿಡಿಗೆ ನಮ್ಮ ಊರು ಗೊತ್ತಿರುವುದಿಲ್ಲ. ಉದಾಹರಣೆಗೆ ನೀರು. ಗದಗ, ಮುಂಡರಗಿ ಕಡೆ ಬೋರಿನ ನೀರು ಗಡಸು. ಅದೇ ನೀರು ಕಾಫಿ ಯಂತ್ರಕ್ಕೆ ಹೋದರೆ ಒಳಗಿನ ಕೊಳವೆಗೆ ಬಿಳಿ ಗಟ್ಟಿ ಪದರ ಕಟ್ಟುತ್ತದೆ, ಹಬೆ ಕಡಿಮೆಯಾಗುತ್ತದೆ, ಒಂದು ದಿನ ನಿಂತೇಬಿಡುತ್ತದೆ. ಗ್ಯಾರಂಟಿ ಕಾರ್ಡಿನ ಹಿಂದೆ ಗಡಸು ನೀರಿಗೆ ಜವಾಬ್ದಾರಿ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಇದ್ದೀತು, ಓದಿಕೊಳ್ಳಿ. ಯಂತ್ರ ಬರುವ ಮುಂಚೆ ನೀರು ಪರೀಕ್ಷೆ ಮಾಡಿಸಿ, ಮೆದು ಮಾಡುವ ಫಿಲ್ಟರ್ ಹಾಕಿಸಿ, ಪದರ ತೆಗೆಯುವ ವಿಧಾನವನ್ನು ತರಬೇತಿಯಲ್ಲೇ ಕೈಯಿಂದ ಮಾಡಿ ಕಲಿಯಿರಿ.

ಬೋರ್ಡಿನ ವಿನ್ಯಾಸ ಹೆಡ್ ಆಫೀಸಿನಿಂದ ಇಂಗ್ಲಿಷಿನಲ್ಲಿ ಬರುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಾಮಫಲಕದ 60% ಕನ್ನಡ ಇರಬೇಕು. ಬೋರ್ಡು ತಯಾರಾಗಿ ಬಂದ ಮೇಲೆ ಹೇಳಿದರೆ ಖರ್ಚು ನಿಮ್ಮದೇ, ಮೊದಲೇ ಬರೆದು ಕಳಿಸಿ. ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್, 1961ರ ಅಂಗಡಿ ಕಾಯ್ದೆಯ ನೋಂದಣಿ, ಹೆಸ್ಕಾಂನಲ್ಲಿ ವಾಣಿಜ್ಯ ಸಂಪರ್ಕ, ಇವನ್ನು ತರಬೇತಿಗೆ ಹೊರಡುವ ಮುಂಚೆಯೇ ಶುರು ಮಾಡಿ. ಒವನ್, ಫ್ರೀಜರ್, ಯಂತ್ರ ಎಲ್ಲದರ ಕಿಲೋವ್ಯಾಟ್ ಕೂಡಿಸಿ ಕಂಪನಿಯಿಂದ ಪಟ್ಟಿ ತರಿಸಿಕೊಂಡರೆ ಲೋಡ್ ಎಷ್ಟು ಬೇಕು ಅಂತ ಎಲೆಕ್ಟ್ರಿಷಿಯನ್ ಸರಿಯಾಗಿ ಹೇಳುತ್ತಾನೆ.

ಇನ್ನು ಹಬ್ಬ-ಹುಣ್ಣಿಮೆ. ಮಾಲು ತರಿಸುವ ಸೂತ್ರ ಕಂಪನಿ ಕೊಡುತ್ತದೆ: ಹೋದ ವಾರದ ಮಾರಾಟಕ್ಕೆ ಇಷ್ಟು ಕೂಡಿಸಿ ಅಂತ. ಶ್ರಾವಣದಲ್ಲಿ ಎಗ್ ಪಫ್ ಕೇಳುವವರು ಇಳಿದು ಸಾಬುದಾಣಿಗೆ ಗಿರಾಕಿ ಏರುತ್ತಾರೆ ಅಂತ ಆ ಸೂತ್ರಕ್ಕೆ ಗೊತ್ತಿಲ್ಲ. ಹುಬ್ಬಳ್ಳಿಯಲ್ಲಿ ಬಣ್ಣ ಆಡುವುದು ರಂಗಪಂಚಮಿಗೆ, ಅಂದು ಊರೇ ಬಂದ್. ಹೋಳಿಗೆ ರಜೆ ಅಂತ ಕ್ಯಾಲೆಂಡರ್ ನೋಡಿ ಹೇಳಿದವರು ಹಾಲನ್ನು ಮಾತ್ರ ಪಂಚಮಿಗೆ ತರಿಸಿ ಕೂತಿರುತ್ತಾರೆ. ವಿದ್ಯಾನಗರದಲ್ಲಿ ಅಂಗಡಿ ಇದ್ದರೆ ಕಾಲೇಜಿನ ರಜೆ ಪಟ್ಟಿ ಗೋಡೆಗೆ ಅಂಟಿಸಿ. ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆ, ಹಳೇ ಹುಬ್ಬಳ್ಳಿ ಕಡೆಯವರು ಎಷ್ಟು ತರಿಸಿದರೂ ಸಾಲುವುದಿಲ್ಲ. ತರಬೇತಿಯ ಒಂದು ಸಂಜೆ ಕುಳಿತು, ಪಂಚಾಂಗ ಮುಂದಿಟ್ಟುಕೊಂಡು, ನಿಮ್ಮ ಊರಿನ ಹನ್ನೆರಡು ತಿಂಗಳ ಪಟ್ಟಿಯನ್ನು ನೀವೇ ಮಾಡಬೇಕು. ಅದು ಯಾವ ಕಂಪನಿಯ ಹತ್ತಿರವೂ ಇಲ್ಲ.

ಶುರು ಮಾಡುವ ವಾರ

ಅಂಗಡಿ ಪೂಜೆಗೂ ಮಾರಾಟ ಶುರು ಮಾಡುವುದಕ್ಕೂ ಒಂದು ವಾರ ಅಂತರ ಇಡಿ. ಪೂಜೆಯ ದಿನ ಬೀಗರು, ನೆಂಟರು, ಓಣಿಯ ಮಂದಿ ಎಲ್ಲ ಬಂದಿರುತ್ತಾರೆ, ಹುಡುಗರಿಗೆ ಇನ್ನೂ ಸಕ್ಕರೆ ಡಬ್ಬಿ ಎಲ್ಲಿದೆ ಗೊತ್ತಿರುವುದಿಲ್ಲ. ಆ ವಾರದಲ್ಲಿ ದಿನಾ ಸಂಜೆ ಎರಡು ತಾಸು ಬಾಗಿಲು ತೆರೆದು, ಗುರುತಿನವರಿಗೆ ಮಾತ್ರ ಬಿಲ್ ಹೊಡೆದೇ ಕೊಡಿ. ಪುಕ್ಕಟೆ ಕೊಟ್ಟರೆ ಯಾರೂ ತಪ್ಪು ಹೇಳುವುದಿಲ್ಲ, ರೊಕ್ಕ ಕೊಟ್ಟವರು ಹೇಳುತ್ತಾರೆ.

ನಿಮ್ಮ ಹುಡುಗರಿಗೆ ಕಲಿಸುವುದು ನಿಮ್ಮ ಪಾಲು. ನೀವು ಮಾಡಿ ತೋರಿಸಿ, ಅವರ ಕೈಯಿಂದ ಮಾಡಿಸಿ, ಆಮೇಲೆ ಅವರೇ ಇನ್ನೊಬ್ಬರಿಗೆ ಹೇಳಿಕೊಡಲಿ. ಮೂರನೆಯದು ಆದಾಗಲೇ ಕಲಿತಿದ್ದಾರೆ ಅಂತ ಲೆಕ್ಕ. 14 ವರ್ಷದೊಳಗಿನ ಮಕ್ಕಳನ್ನು ಯಾರ ಶಿಫಾರಸಿನ ಮೇಲೂ ಇಟ್ಟುಕೊಳ್ಳಬೇಡಿ, “ನಮ್ಮ ಹುಡುಗ ಸುಮ್ನ ಕುಂತಾನ್ರಿ” ಅನ್ನುತ್ತ ಬರುವವರು ಇದ್ದೇ ಇರುತ್ತಾರೆ.

ತರಬೇತುದಾರರು ನಿಮ್ಮ ಅಂಗಡಿಯಲ್ಲಿ ಇರುವಷ್ಟು ದಿನ ಅವರನ್ನು ಗಿರಾಕಿ ಸಾಲಿನಲ್ಲಿ ನಿಲ್ಲಿಸಿ ದುಡಿಸಬೇಡಿ. ಅವರು ಕೆಲಸ ಮಾಡಿದರೆ ಅಂಗಡಿ ಚಂದ ನಡೆಯುತ್ತದೆ, ಹೋದ ಮರುದಿನ ಕುಸಿಯುತ್ತದೆ. ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೀವು ಮಾಡಿ, ರಾತ್ರಿ ಲೆಕ್ಕವನ್ನಂತೂ ನೀವೇ ಮಾಡಿ ಅವರಿಗೆ ತೋರಿಸಿ. ಹೋಗುವ ಮುಂಚೆ ಮೂರು ನಂಬರ್ ಬರೆಸಿಕೊಳ್ಳಿ: ಯಂತ್ರ ಕೆಟ್ಟರೆ ಯಾರು, ಮಾಲು ಬರದಿದ್ದರೆ ಯಾರು, ಬಿಲ್ಲಿಂಗ್ ನಿಂತರೆ ಯಾರು. ಮೂರಕ್ಕೂ ಒಂದೇ ನಂಬರ್ ಕೊಟ್ಟರೆ, ಅವರು ರಜೆಯಲ್ಲಿದ್ದಾಗ ಯಾರು ಅಂತಲೂ ಕೇಳಿ.

ಆಮೇಲೆ ಕಂಪನಿಯ ಏರಿಯಾ ಮ್ಯಾನೇಜರ್ ತಿಂಗಳಿಗೊಮ್ಮೆ ಬರುತ್ತಾರೆ ಅಂತ ಒಪ್ಪಂದದಲ್ಲಿ ಇರುತ್ತದೆ. ಬಂದಾಗ ಚಹಾ ಕುಡಿಸಿ ಕಳಿಸಿದರೆ ಅದು ಭೇಟಿ ಆಗುವುದಿಲ್ಲ. ಆ ತಿಂಗಳು ತಾಳೆಯಾಗದ ಲೆಕ್ಕ, ಕೆಟ್ಟ ಮಾಲು, ಹುಡುಗರು ಪದೇ ಪದೇ ಮಾಡುವ ತಪ್ಪು, ಎಲ್ಲವನ್ನೂ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದಿಟ್ಟು ಮುಂದೆ ಇಡಿ. ಅವರು ಕೊಟ್ಟ ಉತ್ತರವನ್ನು ಅದರ ಪಕ್ಕದಲ್ಲೇ ಬರೆದು, ತಾರೀಖು ಹಾಕಿ, ಸಹಿ ಮಾಡಿಸಿಕೊಳ್ಳಿ. “ಇದಕ್ಕೆಲ್ಲ ಸಹಿ ಯಾಕ್ರೀ?” ಅಂದರೆ ನಗುತ್ತಾ ಪೆನ್ ಕೊಡಿ.